ಅವಾಲಿಯ ಹಸಿರು ಮಾರಿಸ್

ಅವಾಲಿ, ಬಹರೈನ್
24-11-1978, ಶುಕ್ರವಾರ

ಮುದ್ದಿನ ಉಷಾ,

ನೀನು, ನಿನ್ನ ದೊಡ್ಡಮ್ಮ ಚೆನ್ನಕ್ಕ, ಸೇಸಪ್ಪ ಭಾವ ಎಲ್ಲರೂ ಪಡುಬಿದ್ರಿಯಲ್ಲಿ ಆರೋಗ್ಯದಿಂದ ಇದ್ದೀರಿ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ದೀಪಾವಳಿಗೆ ಮುಂಚೆ ನೀನು ಹಾಕಿದ ಕಾಗದಕ್ಕೆ ಈಗ ಉತ್ತರ ಬರೆಯುವ ಅಮ್ಮನ ಮೇಲೆ ನಿನಗೆ ಸಿಟ್ಟು ಬಂದಿರಬಹುದು. ಬರಲಿ, ಆದರೆ ನನ್ನ ಅವಸ್ಥೆಯನ್ನೂ ಸ್ವಲ್ಪ ಕೇಳು. ಈ ಮನೆಯಲ್ಲಿ ಎಷ್ಟೋ ದಿನಗಳಿಂದ ಪೆಟ್ಟಿಗೆ ತುಂಬುವುದೇ ಕೆಲಸವಾಗಿತ್ತು. ಸಾಹೇಬರ ಹೊಟ್ಟೆಯಲ್ಲಿ ಗಡ್ಡೆಯಿದೆ, ಇಂಗ್ಲೆಂಡಿಗೆ ಹೋಗಿ ಆಪರೇಶನ್ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ನಿನ್ನೆ ಸಾಹೇಬರೂ ಮೇಡಮ್ಮೂ ವಿಮಾನ ಹತ್ತಿದರು. ಚಳಿಗಾಲ ಅಲ್ಲೇ ಕಳೆದು ಮಾರ್ಚ್ ತಿಂಗಳಿಗೆ ಬರುತ್ತಾರೆ. ಅಲ್ಲಿಯವರೆಗೆ ಈ ಬಂಗಲೆಗೆ ನಾನೊಬ್ಬಳೇ.

ಒಬ್ಬಳೇ ಎನ್ನುವಂತೆಯೂ ಇಲ್ಲ. ಸಾಹೇಬರು ತಮ್ಮ ಹಳೆಯ ಕಾರನ್ನು ನನ್ನ ಕೈಗೆ ಒಪ್ಪಿಸಿ ಹೋಗಿದ್ದಾರೆ.

ಈ ಕಾರಿನ ವಿಷಯ ನಿನಗೆ ಹಿಂದೆ ಬರೆದಿದ್ದೆನೋ ಇಲ್ಲವೋ. ಅದರ ಹೆಸರು ಮಾರಿಸ್. ತಿಳಿ ಹಸಿರು ಬಣ್ಣ. ನೋಡಲಿಕ್ಕೆ ಥೇಟ್ ನಮ್ಮೂರಿನ ಅಂಬಾಸಡರ್‌. ಸಾಹೇಬರು ಇಲ್ಲಿಯ ಎಣ್ಣೆ ಕಂಪೆನಿಗೆ ಸೇರಿದ ಹೊಸತರಲ್ಲಿ, ಇನ್ನೂ ಮದುವೆಯಾಗುವ ಮೊದಲು ಕೊಂಡದ್ದಂತೆ. ಆಗ ಬಹರೈನಿನಲ್ಲಿ ನಮ್ಮ ಹಾಗೆಯೇ ರಸ್ತೆಯ ಎಡಕ್ಕೆ ಓಡಿಸುತ್ತಿದ್ದರು. ಆಮೇಲೆ ಸರಕಾರ ಎಲ್ಲರನ್ನೂ ಬಲಕ್ಕೆ ತಂದಿತು. ಕಾರುಗಳ ಸ್ಟೇರಿಂಗೆಲ್ಲ ಎಡಕ್ಕೆ ಹೋಯಿತು, ಈ ಮಾರಿಸ್‌ನದ್ದು ಮಾತ್ರ ಬಲದಲ್ಲೇ ಉಳಿಯಿತು. ಮೇಡಮ್ಮಿಗೆ ಓಡಾಡಲಿಕ್ಕೆ ಬೇರೆ ಹೊಸ ಜಪಾನಿ ಕಾರು ಇತ್ತು. ಹೋಗುವ ಮುಂಚೆ ಅದನ್ನು ಮಾರಿಬಿಟ್ಟರು. ಇದನ್ನು ಮಾರುವ ಮಾತೇ ಇಲ್ಲ.

ಹೋಗುವ ಮುಂಚಿನ ವಾರವಿಡೀ ಸಾಹೇಬರು ಇದರ ಹಿಂದೆಯೇ. ಹೊಟ್ಟೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕುಳಿತು ಚಕ್ರ ತೊಳೆದರು. ಮೇಣ ಹಚ್ಚಿ ಮುಖ ಕಾಣುವ ಹಾಗೆ ಉಜ್ಜಿದರು. ಎಂಜಿನ್ ಆಯಿಲ್ ಬದಲಿಸಿದರು, ಟ್ಯಾಂಕಿನ ಬಾಯಿವರೆಗೆ ಪೆಟ್ರೋಲು ತುಂಬಿದರು. ಟ್ಯಾಂಕ್ ಖಾಲಿ ಇಟ್ಟರೆ ಒಳಗೆ ನೀರು ಕೂರುತ್ತದಂತೆ. ಇಲ್ಲಿಯ ಚಳಿಗಾಲ ನೀನು ತಿಳಿದ ಹಾಗೆ ಬರೇ ಒಣ ಮರಳಲ್ಲ ಮಗಾ, ಬೆಳಿಗ್ಗೆ ಎದ್ದರೆ ಗೋಡೆಯೆಲ್ಲ ಇಬ್ಬನಿ, ಆ ಇಬ್ಬನಿಯಲ್ಲೂ ಉಪ್ಪು. ಕಬ್ಬಿಣಕ್ಕೆ ಅದು ವಿಷ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ, ಬಟ್ಟೆಯೇ ಆಗಬೇಕು ಎಂದರು. ಮೇಡಮ್ಮಿನ ಹಳೆಯ ಕರ್ಟನ್ನುಗಳನ್ನು ಜೋಡಿಸಿ ನಾನು ಒಂದು ದೊಡ್ಡ ಹೊದಿಕೆ ಹೊಲಿದುಕೊಟ್ಟೆ. ಕೆಂಪು ಹೂವಿನ ಕರ್ಟನ್ನು. ಹೊದಿಸಿದಾಗ ಸಾಹೇಬರು ನಗುತ್ತಾ, "ಅಮ್ಮಣ್ಣಿ, ನನ್ನ ಕಾರಿಗೆ ಸೀರೆ ಉಡಿಸಿದೆಯಲ್ಲ" ಎಂದರು. ಅವರ ಹಿಂದಿ ನನ್ನ ಇಂಗ್ಲಿಷಿನ ಹಾಗೆಯೇ, ಆದರೂ ನಾವಿಬ್ಬರೂ ಇಷ್ಟು ವರ್ಷ ಅದರಲ್ಲೇ ಸಂಸಾರದ ಮಾತೆಲ್ಲ ಆಡಿದ್ದೇವೆ.

ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದರು. "ವಾರಕ್ಕೊಮ್ಮೆ ಕೊರಗ ಬಂದು ಸ್ಟಾರ್ಟ್ ಮಾಡುತ್ತಾನೆ. ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಬಿಡಬೇಕು. ಅವನು ಬಾರದಿದ್ದರೆ ಬೆನ್ನು ಹಿಡಿದು ಕರೆಸು. ಮಾರ್ಚ್‌ನಲ್ಲಿ ನಾನು ಬರುವಾಗ ಏರ್‌ಪೋರ್ಟಿಗೆ ಇದೇ ಕಾರು ಬರಬೇಕು. ಬೇರೆ ಕಾರು ಬಂದರೆ ನಾನು ಹತ್ತುವುದಿಲ್ಲ." ಕೊರಗ ನಮ್ಮ ಮುಲ್ಕಿಯ ಕಡೆಯವನು, ಕಂಪೆನಿಯ ಬಸ್ಸಿನ ಡ್ರೈವರ್. ಮನಾಮ ಪೇಟೆಯ ಸೆಗಯಾದಲ್ಲಿ ಊರಿನ ಹುಡುಗರೊಟ್ಟಿಗೆ ಕೋಣೆ ಮಾಡಿಕೊಂಡಿದ್ದಾನೆ. ನನ್ನನ್ನು ಅಕ್ಕ ಎಂದು ಕರೆಯುತ್ತಾನೆ.

ಇವತ್ತು ಮೊದಲನೆಯ ಸಲ ಬಂದು ಎಂಜಿನ್ ಬಿಸಿ ಮಾಡಿ ಹೋದ. ಆಮೇಲೆ ನಾನು ಹಿಂದಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಕುಳಿತೆ. ನಿನಗೆ ನೆನಪಿರಲಿಕ್ಕಿಲ್ಲ, ನಿನ್ನ ಅಪ್ಪ ಬದುಕಿದ್ದಾಗ ನಿನಗೊಮ್ಮೆ ವಿಪರೀತ ಜ್ವರ ಬಂದು ಪಡುಬಿದ್ರಿಯ ಡಾಕ್ಟರು ತಮ್ಮದೇ ಅಂಬಾಸಡರ್‌ನಲ್ಲಿ ನಮ್ಮನ್ನು ಉಡುಪಿಗೆ ಕರೆದುಕೊಂಡು ಹೋಗಿದ್ದರು. ಇಂಥದೇ ಸೀಟು. ದಾರಿಯುದ್ದಕ್ಕೂ ನೀನು ನನ್ನ ತೊಡೆಯ ಮೇಲೆ ಕೆಂಡದ ಹಾಗೆ ಮಲಗಿದ್ದೆ. ಕಾಪು ದಾಟುವಾಗ ಕಣ್ಣು ತೆರೆದು "ಅಮ್ಮಾ, ಸಮುದ್ರ" ಎಂದೆ. ಅಷ್ಟೇ ಹೇಳಿ ಪುನಃ ಮಲಗಿದೆ. ಇಲ್ಲಿಯೂ ಸುತ್ತ ಸಮುದ್ರವೇ. ನನಗೆ ಮಾತ್ರ ಅದು ಆ ಸಮುದ್ರ ಅನ್ನಿಸುವುದೇ ಇಲ್ಲ.

ನಿನ್ನನ್ನು ನೋಡಲು ಕಟಪಾಡಿಯ ಬ್ಯಾಂಕಿನ ಹುಡುಗ ಬಂದಿದ್ದನೆಂದು ಬರೆದಿದ್ದೀ. ಹುಡುಗ ಹೇಗೆ, ಎತ್ತರವೋ ಗಿಡ್ಡವೋ, ಮಾತು ಹೇಗೆ ಎಂದೆಲ್ಲ ಬರೆಯಬಾರದೇ? ಚೆನ್ನಕ್ಕನ ಹತ್ತಿರ ಕೇಳಿ ಬರೆ. ನಿನ್ನ ಶಾಲೆಯ ಮಕ್ಕಳ ಸುದ್ದಿಯನ್ನೂ ಬರೆ.

ದೇವರು ನಿನ್ನನ್ನು ತಂಪಾಗಿ ಇಡಲಿ.

ನಿನ್ನ ಅಮ್ಮ,
ಅಮ್ಮಣ್ಣಿ


ಅವಾಲಿ
12-1-1979, ಶುಕ್ರವಾರ

ಉಷಾ ಮಗಳೇ,

ನಿನ್ನ ಕಾಗದ ಬಂದ ದಿನ ಮಧ್ಯಾಹ್ನದ ಊಟ ಮರೆತೇ ಹೋಯಿತು. ಹುಡುಗ ಒಪ್ಪಿದ, ನೀನೂ ಒಪ್ಪಿದೆ, ಸಂಕ್ರಾಂತಿ ಕಳೆದು ನಿಶ್ಚಿತಾರ್ಥ, ಮೇ ತಿಂಗಳಲ್ಲಿ ಮದುವೆ. ಓದಿ ಓದಿ ಕಾಗದದ ಮಡಿಕೆಯೇ ಹರಿದುಹೋಗಿದೆ. ನಿಶ್ಚಿತಾರ್ಥಕ್ಕೆ ನಾನು ಬರುವ ಹಾಗಿಲ್ಲ, ನಿನಗೆ ಗೊತ್ತೇ ಉಂಟು. ಮನೆಯ ಯಜಮಾನರಿಲ್ಲದಾಗ ಬೀಗ ಹಾಕಿ ಹೊರಟರೆ ಹೇಗೆ? ಮಾರ್ಚ್‌ನಲ್ಲಿ ಅವರು ಬಂದೊಡನೆ ರಜೆ ಕೇಳುತ್ತೇನೆ. ಮದುವೆಗೆ ಒಂದು ತಿಂಗಳು ಮೊದಲೇ ಬಂದು ನಿನ್ನ ಪಕ್ಕದಲ್ಲಿ ಕುಳಿತುಬಿಡುತ್ತೇನೆ. ಹಪ್ಪಳ, ಸಂಡಿಗೆಗೆ ನನ್ನ ಕೈಯೇ ಆಗಬೇಕೆಂದು ಚೆನ್ನಕ್ಕನಿಗೆ ಹೇಳಿಡು.

ಇನ್ನು ನನ್ನ ಸುದ್ದಿ ಕೇಳಿದರೆ ನೀನು ನಗುತ್ತೀ. ನಿನ್ನ ಅಮ್ಮ ಕಾರು ಬಿಡಲು ಕಲಿಯುತ್ತಿದ್ದಾಳೆ.

ನಾನಾಗಿ ಹಟ ಹಿಡಿದದ್ದಲ್ಲ. ಕೊರಗನ ಹೆಂಡತಿಗೆ ದಿನ ತುಂಬುತ್ತಾ ಬಂದಿದೆ. ಈ ತಿಂಗಳ ಕೊನೆಗೆ ಅವನು ಊರಿಗೆ ಹೋಗುತ್ತಾನೆ, ಬೇಸಿಗೆ ಕಳೆದ ಮೇಲೆಯೇ ಬರುವುದು. "ನಾನು ಹೋದ ಮೇಲೆ ಇದನ್ನು ಎಬ್ಬಿಸುವವರು ಯಾರು ಅಕ್ಕ?" ಎಂದು ತಲೆ ಕೆರೆದುಕೊಂಡ. ಸುಮ್ಮನೆ ನಿಂತಲ್ಲೇ ಎಂಜಿನ್ ಬಿಸಿ ಮಾಡಿದರೆ ಸಾಲದಂತೆ. ಚಕ್ರ ಉರುಳಬೇಕು, ಇಲ್ಲದಿದ್ದರೆ ಟಯರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಬ್ರೇಕು ಹಿಡಿದುಬಿಡುತ್ತದೆ. ಡಿಸೆಂಬರಿನಲ್ಲಿ ಒಂದು ಸಲ ನನಗೆ ಜ್ವರ ಬಂದು, ಅವನಿಗೂ ಡ್ಯೂಟಿಯಿದ್ದು, ವಾರ ತಪ್ಪಿತು. ಮುಂದಿನ ಶುಕ್ರವಾರ ಕೀಲಿ ತಿರುಗಿಸಿದರೆ ಸದ್ದೇ ಇಲ್ಲ. ಕೊರಗ ಮುಂದೆ ಕಬ್ಬಿಣದ ಹಿಡಿಕೆ ತೂರಿಸಿ ತಿರುಗಿಸಿ ತಿರುಗಿಸಿ ಬೆವರಿಳಿಸಿದ ಮೇಲೆ ಅದು ಕೆಮ್ಮಿ ಎದ್ದಿತು. ಆಗಲೇ ಅವನು, "ಅಕ್ಕ, ನೀವೇ ಕಲೀರಿ. ಎಂತ ಬ್ರಹ್ಮವಿದ್ಯೆಯಾ ಇದು?" ಎಂದದ್ದು.

"ಈ ಪ್ರಾಯದಲ್ಲಾ? ಸೀರೆ ಉಟ್ಕೊಂಡಾ?" ಎಂದೆ.

"ಕಾರಿಗೆ ನಿಮ್ಮ ಪ್ರಾಯ ಎಂತ ಗೊತ್ತುಂಟು? ಸೀರೆ ಸ್ವಲ್ಪ ಮೇಲೆ ಸಿಕ್ಕಿಸಿ, ಚಪ್ಪಲಿ ತೆಗೀರಿ, ಕೂತ್ಕೊಳ್ಳಿ."

ಕಂಪೆನಿಯ ಕಾಲೊನಿಯಾದ ಅವಾಲಿಯ ಬೇಲಿಯೊಳಗೆ ಶುಕ್ರವಾರ ಬೆಳಿಗ್ಗೆ ರಸ್ತೆಗಳು ಖಾಲಿ. ಕ್ಲಬ್ಬಿನ ಹಿಂದಿನ ರಸ್ತೆಯಲ್ಲಿ ಮೊದಲ ಪಾಠ. ಕ್ಲಚ್ ಬಿಟ್ಟೊಡನೆ ಕಾರು ಕಪ್ಪೆಯ ಹಾಗೆ ಹಾರಿ ನಿಂತಿತು. "ಹಾರ್ಲಿಕ್ಕೆ ಇಲ್ಲ ಮಾರಾಯ್ರೆ! ಮೆಲ್ಲ, ಮೆಲ್ಲ! ಮಗುವನ್ನು ತೊಟ್ಟಿಲಲ್ಲಿ ಇಡುವ ಹಾಗೆ ಕಾಲು ಬಿಡಿ" ಎಂದು ಅವನು ಬೊಬ್ಬೆ ಹೊಡೆದ. ಗಾಲ್ಫ್ ಆಡಲು ಬಂದ ಒಬ್ಬ ಮುದುಕ ದೊರೆ ಟೋಪಿ ತೆಗೆದು ನನಗೆ ನಮಸ್ಕಾರ ಮಾಡಿದ. ನಾನು ನಾಚಿ ಸೆರಗು ಎಳೆದುಕೊಳ್ಳಲು ಹೋಗಿ ಸ್ಟೇರಿಂಗ್ ಬಿಟ್ಟೆ. ಕೊರಗ ಅಯ್ಯೋ ಅಮ್ಮಾ ಎಂದು ಕಿರುಚಿದ್ದು ಆ ದೊರೆಗೂ ಕೇಳಿಸಿರಬೇಕು. ಎಂಥಾ ನಗು ಮಗಾ! ನಾನು ಅಷ್ಟು ನಕ್ಕು ವರ್ಷಗಳಾಗಿದ್ದವು.

ಈಗ ಮೂರನೇ ಗೇರಿನವರೆಗೂ ಹೋಗುತ್ತೇನೆ. ಲೈಸನ್ಸ್ ಇಲ್ಲದೆ ಬೇಲಿಯ ಹೊರಗೆ ಹೋಗಬಾರದು, ಅದಕ್ಕೆ ಪರೀಕ್ಷೆಗೂ ಹೋಗಿದ್ದೆ. ಅಲ್ಲಿ ಕೊಟ್ಟದ್ದು ಎಡಗಡೆ ಸ್ಟೇರಿಂಗಿನ ಹೊಸ ಕಾರು. ಗೇರು ಹಾಕಲು ಎಡಗೈ ಚಾಚಿದರೆ ಬಾಗಿಲು ಸಿಕ್ಕುತ್ತದೆ! ಎರಡು ಸಲ ಬಾಗಿಲನ್ನೇ ತೆರೆದೆ. ಪಕ್ಕದಲ್ಲಿದ್ದ ಪೊಲೀಸು ಗಡ್ಡ ಸವರಿಕೊಂಡು, "ಅಮ್ಮಾ, ಇಳಿಯುವ ಆತುರವೇಕೆ?" ಎಂದು ಹಿಂದಿಯಲ್ಲಿ ಕೇಳಿದ. ಫೇಲಾದೆ. ಪುನಃ ಹೋಗುತ್ತೇನೆ.

ಸಾಹೇಬರ ಆಪರೇಶನ್ ಆಯಿತೆಂದು ಮೇಡಮ್ಮು ಫೋನು ಮಾಡಿದ್ದರು. ಸುಸ್ತು ಬಹಳವಂತೆ. ಫೋನಿನಲ್ಲಿ ಸಾಹೇಬರ ಸ್ವರ ಎಲ್ಲಿಯೋ ಬಾವಿಯೊಳಗಿಂದ ಬಂದ ಹಾಗಿತ್ತು. "ಅಮ್ಮಣ್ಣಿ, ಗಾಡಿ?" ಎಂದು ಕೇಳಿದರು. "ಚೆನ್ನಾಗಿದೆ ಸಾಬ್, ನಾನೇ ಓಡಿಸುತ್ತಿದ್ದೇನೆ" ಎಂದೆ. ಬೈಯುತ್ತಾರೋ ಏನೋ ಎಂದು ಹೆದರಿದೆ. ಆಮೇಲೆ ನಗು ಕೇಳಿಸಿತು, ನಗುತ್ತಾ ನಗುತ್ತಾ ಕೆಮ್ಮು ಬಂತು, ಮೇಡಮ್ಮು ಫೋನು ತೆಗೆದುಕೊಂಡರು.

ನಿಶ್ಚಿತಾರ್ಥದ ದಿನ ನಾನು ಮನಾಮದ ದೇವಸ್ಥಾನಕ್ಕೆ ಹೋಗಿ ನಿನ್ನ ಹೆಸರಿನಲ್ಲಿ ಹೂವು ಕೊಡುತ್ತೇನೆ. ಯಾವ ಸೀರೆ ಉಡುತ್ತೀ ಎಂದು ಬರೆದರೆ ಇಲ್ಲಿಂದಲೇ ಕಣ್ಣಿಗೆ ಕಟ್ಟಿಕೊಳ್ಳುತ್ತೇನೆ. ಕಂಪೆನಿಯ ಕ್ಯಾಂಟೀನಿನ ರೊಕಿ ರಜೆಗೆ ಬರುತ್ತಿದ್ದಾನೆ. ಅವನ ಮನೆ ಹೆಜಮಾಡಿ, ನಮಗೆ ಹತ್ತಿರ. ಅವನ ಕೈಯಲ್ಲಿ ನಿನಗೊಂದು ಸೀರೆ, ವಾಚು, ಚೆನ್ನಕ್ಕನಿಗೆ ಶಾಲು ಕಳಿಸಿದ್ದೇನೆ. ಅವನನ್ನೂ ನಿಶ್ಚಿತಾರ್ಥದ ಊಟಕ್ಕೆ ಕರೆಯಿರಿ. ನನ್ನ ಕಣ್ಣಾಗಿ ಅವನಾದರೂ ನೋಡಿಕೊಂಡು ಬರಲಿ.

ಹೊಸ ಬಾಳಿಗೆ ಅಮ್ಮನ ಹಾರೈಕೆ ಇದ್ದೇ ಇದೆ.

ಅಮ್ಮ


ಅವಾಲಿ
23-2-1979, ಶುಕ್ರವಾರ

ಉಷಾ,

ಕಾಗದ ಬರೆಯಲು ಮೂರು ಸಲ ಕುಳಿತು ಎದ್ದಿದ್ದೇನೆ. ಕ್ಷಮಿಸು. ಒಂದು ಒಳ್ಳೆಯ ಸುದ್ದಿಯೂ ಒಂದು ಕೆಟ್ಟ ಸುದ್ದಿಯೂ ಒಂದೇ ವಾರದಲ್ಲಿ ಬಂದವು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನನಗೆ ಲೈಸನ್ಸ್ ಸಿಕ್ಕಿತು. ಪುನಃ ಅದೇ ಗಡ್ಡದ ಪೊಲೀಸೇ. ಈ ಸಲ ಬಾಗಿಲು ತೆರೆಯಲಿಲ್ಲ. ಏರುದಾರಿಯಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಎತ್ತಿದೆ, ಡ್ರಮ್ಮುಗಳ ನಡುವೆ ಹಿಂದಕ್ಕೂ ತಂದೆ. "ಮಬ್ರೂಕ್, ಅಮ್ಮಾ" ಎಂದ. ಇಲ್ಲಿಯವರು ಶುಭ ಹಾರೈಸುವುದು ಹಾಗೆ. ಕೊರಗ ಇದ್ದಿದ್ದರೆ ಕುಣಿಯುತ್ತಿದ್ದ, ಆದರೆ ಅವನು ಆಗಲೇ ಊರಿಗೆ ಹೊರಟು ಹೋಗಿದ್ದ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮನೆಗೆ ಬಂದು ಒಬ್ಬಳೇ ಪಾಯಸ ಮಾಡಿ ಕುಡಿದೆ.

ಮಾರನೇ ದಿನ ಮಧ್ಯಾಹ್ನ ಫೋನು ಬಂತು. ಮೇಡಮ್ಮಿನ ತಂಗಿ ಮಾತಾಡಿದರು. ಸಾಹೇಬರು ಹೋಗಿಬಿಟ್ಟರು ಉಷಾ.

ಗಾಯ ಮಾಗಿದೆ, ನಡೆದಾಡುತ್ತಿದ್ದಾರೆ ಎಂದು ಹಿಂದಿನ ವಾರವಷ್ಟೇ ಹೇಳಿದ್ದರು. ಏನಾಯಿತೆಂದು ನನಗೆ ಸರಿಯಾಗಿ ಅರ್ಥವೂ ಆಗಲಿಲ್ಲ, ಎದೆ ನಿಂತಿತು ಎಂದಷ್ಟೇ ತಿಳಿಯಿತು. ಫೋನು ಇಟ್ಟು ಏನು ಮಾಡಬೇಕೆಂದು ತೋಚದೆ ಅವರ ಬೂಟುಗಳನ್ನು ತೆಗೆದು ಪಾಲಿಶ್ ಮಾಡಲು ಕುಳಿತೆ. ಬೊಂಬಾಯಿಯಲ್ಲಿ ಒಬ್ಬ ದೊರೆಯ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನನ್ನು ಅಡುಗೆಗೆಂದು ಇಲ್ಲಿಗೆ ಕರೆತಂದವರು ಇವರೇ. ಒಂದು ದಿನವೂ ಸ್ವರ ಏರಿಸಿದವರಲ್ಲ. ನನ್ನ ಮೀನು ಸಾರಿಗೆ ಕಣ್ಣಲ್ಲಿ ನೀರು ಬಂದರೂ ಬಡಿಸಿಕೊಂಡು ತಿನ್ನುತ್ತಿದ್ದರು. ನಿನ್ನ ಫೋಟೋ ಬಂದಾಗಲೆಲ್ಲ ತೋರಿಸು ಎಂದು ಕೇಳಿ ನೋಡುತ್ತಿದ್ದರು. "ಎಷ್ಟು ಉದ್ದವಾದಳು ನೋಡು, ನೀನು ನಿಂತರೆ ಅವಳ ಭುಜಕ್ಕೆ ಬರುತ್ತೀ" ಎನ್ನುತ್ತಿದ್ದರು.

ಅಲ್ಲಿಯೇ ಮಣ್ಣು ಮಾಡಿದರಂತೆ. ಮೇಡಮ್ಮು ಮಾರ್ಚ್ ಮಧ್ಯದಲ್ಲಿ ಒಬ್ಬರೇ ಬಂದು ಮನೆ ಖಾಲಿ ಮಾಡಿ ಹೋಗುತ್ತಾರೆ. ಕಂಪೆನಿಯ ಮನೆಯಲ್ಲವೇ, ಕೆಲಸ ಮಾಡುತ್ತಿದ್ದವರು ಹೋದ ಮೇಲೆ ಮನೆಯವರನ್ನು ಇರಿಸಿಕೊಳ್ಳುವುದಿಲ್ಲ.

ಇವತ್ತು ಶುಕ್ರವಾರ. ಕಾರಿನ ಹೊದಿಕೆ ತೆಗೆಯಲು ಕೈ ಬರಲಿಲ್ಲ. ಇನ್ನು ಯಾರಿಗೆಂದು ಬಿಸಿ ಮಾಡುವುದು ಅನ್ನಿಸಿತು. ಗ್ಯಾರೇಜಿನ ಬಾಗಿಲಲ್ಲಿ ನಿಂತೇ ಇದ್ದೆ. ಹೊರಗೆ ಗಾಳಿ, ಮರಳು. ಪಕ್ಕದ ಮನೆಯ ರೇಡಿಯೊದಲ್ಲಿ ಇರಾನಿನ ಗಲಾಟೆಯ ಸುದ್ದಿ. ಆಮೇಲೆ ಒಳಗೆ ಹೋಗಿ ಹೊದಿಕೆ ಮಡಿಸಿಟ್ಟು ಸ್ಟಾರ್ಟ್ ಮಾಡಿದೆ. ಮೇಡಮ್ಮು ಬರುವ ದಿನ ಏರ್‌ಪೋರ್ಟಿಗೆ ಇದೇ ಕಾರು ಹೋಗುತ್ತದೆ. ನಾನೇ ತೆಗೆದುಕೊಂಡು ಹೋಗುತ್ತೇನೆ. ಅವಾಲಿಯಿಂದ ಮನಾಮ, ಮನಾಮದಿಂದ ಸೇತುವೆ ದಾಟಿ ಮುಹರ್ರಕ್. ಹೆದರಿಕೆಯಿದೆ. ಆದರೂ ಹೋಗುತ್ತೇನೆ.

ನಿಶ್ಚಿತಾರ್ಥ ಚೆನ್ನಾಗಿ ಆಯಿತು ಎಂದು ಒಂದೇ ಸಾಲು ಬರೆದಿದ್ದೀ. ನಿನಗೂ ಕೆಲಸ ಇರುತ್ತದೆ, ಗೊತ್ತು. ನಾನು ಕಾರು ಕಲಿಯುವುದನ್ನು ಕೇಳಿ ಹಿಂದಿನ ಕಾಗದದಲ್ಲಿ ಅಷ್ಟು ನಕ್ಕವಳು, ಈ ಸಲ ಕಾರಿನ ವಿಷಯ ಇಲ್ಲಿ ಯಾರಿಗೂ ಹೇಳಿಲ್ಲ, ಹುಡುಗನ ಕಡೆಯವರು ಏನೆಂದುಕೊಳ್ಳುತ್ತಾರೋ ಎಂದು ಬರೆದಿದ್ದೀ. ಹೇಳಬೇಡ ಬಿಡು. ನನಗೂ ನಿನಗೂ ಗೊತ್ತಿದ್ದರೆ ಸಾಕು.

ಬಿಸಿಲಲ್ಲಿ ತಿರುಗಬೇಡ. ತಲೆಗೆ ಎಣ್ಣೆ ಹಚ್ಚಿಕೋ.

ಅಮ್ಮ


ಅವಾಲಿ
30-3-1979, ಶುಕ್ರವಾರ

ನನ್ನ ಚಿನ್ನ ಉಷಾ,

ಈ ಕಾಗದವೂ ತಡವೇ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಪೆನ್ನು ಕೂಡ ಯಾವುದೋ ಪೆಟ್ಟಿಗೆಯೊಳಗೆ ಹೋಗಿತ್ತು. ಪಕ್ಕದ ಮನೆಯ ಅಡುಗೆಯ ಐಸಮ್ಮನ ಹತ್ತಿರ ಕೇಳಿ ತಂದು ಬರೆಯುತ್ತಿದ್ದೇನೆ.

ಏರ್‌ಪೋರ್ಟಿಗೆ ಹೋದೆ ಮಗಾ. ಬೆಳಿಗ್ಗೆಯೇ ಕಾರನ್ನು ಒರೆಸಿ, ಸಾಹೇಬರು ಮಾಡುತ್ತಿದ್ದ ಹಾಗೆ ಗಾಜಿಗೆ ಕಾಗದ ಉಜ್ಜಿ, ಮುಂದೆ ಒಂದು ಮಲ್ಲಿಗೆ ಇಟ್ಟು, ಹೊರಟೆ. ಬೇಲಿಯ ಗೇಟಿನಲ್ಲಿದ್ದ ಕಾವಲುಗಾರ ನನ್ನನ್ನು ನೋಡಿ ಎದ್ದು ನಿಂತ. ಮನಾಮದ ವೃತ್ತದಲ್ಲಿ ಹಿಂದಿನವರೆಲ್ಲ ಹಾರ್ನ್ ಹೊಡೆದರು. ಬಲಗಡೆ ಕುಳಿತು ಬಲಕ್ಕೆ ಓಡಿಸುವಾಗ ಮುಂದಿನ ಲಾರಿಯ ಬದಿಯಿಂದ ಎದುರಿಗೆ ಬರುವುದು ಕಾಣಿಸುವುದೇ ಇಲ್ಲ. ಅದಕ್ಕೆ ನಾನು ಯಾರನ್ನೂ ದಾಟಲಿಲ್ಲ. ತರಕಾರಿ ತುಂಬಿದ ಒಂದು ಲಾರಿಯ ಹಿಂದೆಯೇ ಮುಹರ್ರಕ್ ಸೇತುವೆಯ ತನಕ ಹೋದೆ. ಎರಡೂ ಬದಿ ನೀರು. ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ.

ಮೇಡಮ್ಮು ಹೊರಗೆ ಬಂದರು. ಅರ್ಧಕ್ಕರ್ಧ ಇಳಿದುಹೋಗಿದ್ದಾರೆ. ನನ್ನನ್ನು ತಬ್ಬಿಕೊಂಡು, "ಯಾರ ಗಾಡಿಯಲ್ಲಿ ಬಂದೆ?" ಎಂದು ಕೇಳಿದರು. ನಾನು ಕೈ ತೋರಿಸಿದೆ. ಅವರು ಹಸಿರು ಕಾರನ್ನು ನೋಡಿದರು, ಓಡಿಸಿದವರನ್ನು ಹುಡುಕಿದರು, ಪುನಃ ನನ್ನ ಕೈಯಲ್ಲಿದ್ದ ಕೀಲಿ ನೋಡಿದರು. ಹಿಂದಿನ ಬಾಗಿಲು ತೆರೆದೆ. ಅವರು ಅದನ್ನು ಮುಚ್ಚಿ ಮುಂದೆ ನನ್ನ ಪಕ್ಕದಲ್ಲಿ ಬಂದು ಕುಳಿತರು.

ಸ್ವಲ್ಪ ದೂರ ಹೋದ ಮೇಲೆ, "ಅಮ್ಮಣ್ಣಿ, ಈಗಲೇ ಮನೆಗೆ ಬೇಡ. ಅರಾದ್ ಕಡೆಗೆ ತಿರುಗಿಸು" ಎಂದರು. ಅರಾದ್ ಏರ್‌ಪೋರ್ಟಿನ ಮಗ್ಗುಲಲ್ಲೇ ಇದೆ. ಹಳೆಯ ಕೋಟೆಯ ಹತ್ತಿರ, ನೀರಿನ ಬದಿಗೆ ನಿಲ್ಲಿಸಿದೆ. ಇಳಿತದ ಹೊತ್ತು. ಕೆಸರಿನಲ್ಲಿ ಹಕ್ಕಿಗಳು ಕುಕ್ಕುತ್ತಿದ್ದವು. ಮೇಡಮ್ಮು ಮದುವೆಗೆ ಮುಂಚೆ ಅಲ್ಲಿಯೇ ಬ್ರಿಟಿಷ್ ಸೈನ್ಯದವರ ಆಸ್ಪತ್ರೆಯಲ್ಲಿ ನರ್ಸಾಗಿದ್ದರಂತೆ. ಡ್ಯೂಟಿ ಮುಗಿಯುವುದನ್ನು ಕಾಯುತ್ತಾ ಸಾಹೇಬರು ಇದೇ ಜಾಗದಲ್ಲಿ, ಇದೇ ಕಾರು ನಿಲ್ಲಿಸಿ ಕುಳಿತಿರುತ್ತಿದ್ದರಂತೆ. ಇಷ್ಟು ವರ್ಷ ಅವರ ಮನೆಯಲ್ಲಿದ್ದರೂ ಇದು ನನಗೆ ಗೊತ್ತಿರಲಿಲ್ಲ.

"ಆಸ್ಪತ್ರೆಯಲ್ಲಿ ಪ್ರತಿ ಶುಕ್ರವಾರ ಕೇಳುತ್ತಿದ್ದರು, ಅಮ್ಮಣ್ಣಿ ಗಾಡಿ ಸ್ಟಾರ್ಟ್ ಮಾಡಿದಳೋ ಎಂದು. ನನಗೇನು ಗೊತ್ತು? ಮಾಡಿದ್ದಾಳೆ ಎನ್ನುತ್ತಿದ್ದೆ" ಎಂದರು.

"ಮಾಡಿದ್ದೇನೆ ಮೇಡಂ. ಜ್ವರ ಬಂದ ವಾರ ಒಂದು ತಪ್ಪಿತು" ಎಂದೆ.

ಅವರು ನನ್ನ ಭುಜಕ್ಕೆ ತಲೆಯಿಟ್ಟು ಅತ್ತರು. ನಾನೂ ಅತ್ತೆ. ಮೀನಿನ ಬಲೆ ಹೊತ್ತು ಹೋಗುತ್ತಿದ್ದ ಒಬ್ಬ ಮುದುಕ ನಮ್ಮಿಬ್ಬರನ್ನು ನೋಡಿ, ಏನೋ ಕೆಟ್ಟುಹೋಗಿದೆ ಎಂದುಕೊಂಡು ಕಾರಿನ ಬಾನೆಟ್ ತೋರಿಸಿ "ಮೋಟರ್?" ಎಂದು ಕೇಳಿದ. ಅಳುತ್ತಿದ್ದವರು ನಕ್ಕುಬಿಟ್ಟೆವು.

ಕಾರನ್ನು ಇಂಗ್ಲೆಂಡಿಗೆ ಒಯ್ಯಬೇಕೆಂದು ಮೇಡಮ್ಮಿಗೆ ಮೊದಲು ಆಸೆಯಿತ್ತು. ಅಲ್ಲಿ ಅವರದು ಈಗ ಎರಡು ಕೋಣೆಯ ಮನೆ, ಕಾರಿಗೆ ಜಾಗವಿಲ್ಲ. ಕೊನೆಗೆ ಸಾಹೇಬರ ಕೈಕೆಳಗೆ ಕೆಲಸ ಮಾಡಿ ನಿವೃತ್ತರಾದ ಅಬ್ದುಲ್ಲ ಎಂಬವರಿಗೆ ಕೊಟ್ಟರು. ಮನೆ ಅರಾದ್‌ನಲ್ಲೇ. ಹುಡುಗನಾಗಿದ್ದಾಗ ಬೊಂಬಾಯಿಯಲ್ಲಿ ಬೆಳೆದವರಂತೆ, ನನ್ನೊಡನೆ ಬೊಂಬಾಯಿ ಹಿಂದಿಯಲ್ಲೇ ಮಾತಾಡುತ್ತಾರೆ. "ಬಾಯಿ, ಮುಂದಿನ ತಿಂಗಳು ನನ್ನ ಮಗಳ ಮದುವೆ. ಅವಳು ಗಂಡನ ಮನೆಗೆ ಹೋಗುವುದು ಇದೇ ಗಾಡಿಯಲ್ಲಿ. ನಾನೇ ಬಿಡುತ್ತೇನೆ, ಡ್ರೈವರ್ ಇಲ್ಲ" ಎಂದರು. ಮೊನ್ನೆ ನಾನೇ ಓಡಿಸಿಕೊಂಡು ಹೋಗಿ ಅವರ ಮನೆಯ ಮುಂದೆ ನಿಲ್ಲಿಸಿ ಬಂದೆ. ಅವರ ಹೆಂಡತಿ ಇಲ್ಲಿಯ ಕಾಫಿ ಕಹವಾ, ಖರ್ಜೂರ ಕೊಟ್ಟರು. ಮದುವಣಗಿತ್ತಿ ಇನ್ನೂ ಮದರಂಗಿ ಹಚ್ಚದ ಪುಟ್ಟ ಕೈ ಚಾಚಿ ಸೀಟು ಮುಟ್ಟಿ ನೋಡಿದಳು. ನಿನ್ನ ನೆನಪಾಗಿ ಅವಳ ತಲೆ ಸವರಿದೆ. ಬಸ್ಸಿನಲ್ಲಿ ಮರಳಿ ಬರುವಾಗ ಕೈಗೆ ಏನೂ ಕೆಲಸವಿಲ್ಲದೆ ಹೇಗೋ ಅನ್ನಿಸಿತು.

ಮುಂದಿನ ವಾರ ಮೇಡಮ್ಮು ಹೊರಡುತ್ತಾರೆ. ಬೇರೆ ಒಂದು ಮನೆಯಲ್ಲಿ ನನಗೆ ಕೆಲಸ ಮಾತಾಡಿಕೊಟ್ಟಿದ್ದರು, ನಾನು ಒಪ್ಪಲಿಲ್ಲ. ಸಾಕು ಮಗಾ. ಇಲ್ಲಿಯ ಗೋಡೆಗಳಿಗೆ ಇಷ್ಟು ವರ್ಷ ನಿನ್ನ ಹೆಸರು ಹೇಳಿಕೊಂಡದ್ದು ಸಾಕು. ಏಪ್ರಿಲ್ ಕೊನೆಯಲ್ಲಿ ಬೊಂಬಾಯಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತೇನೆ. ಇನ್ನು ರಜೆಯಲ್ಲ, ಬಂದೇಬಿಡುವುದು. ಚೆನ್ನಕ್ಕನ ಅಡುಗೆಮನೆಯ ಮೂಲೆಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ ಸಿಕ್ಕಿದರೆ ನನಗೆ ಅರಮನೆ. ನೀನು ಗಂಡನ ಮನೆಗೆ ಹೋಗುವವರೆಗೆ ಕೆಲವು ದಿನ ದಿನಾ ಬೆಳಿಗ್ಗೆ ನಿನ್ನ ಜಡೆ ಹಾಕಬೇಕು. ದೊಡ್ಡವಳಾದೆ, ಶಾಲೆಯ ಟೀಚರ್ ಎಂದೆಲ್ಲ ಹೇಳಬೇಡ. ಕೂತುಕೋ, ಅಷ್ಟೇ.

ಭಾವನಿಗೆ, ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಬಾಳು ಹಸಿರಾಗಿರಲಿ, ಕೈಹಿಡಿದವನು ನಿನ್ನನ್ನು ಅರ್ಥ ಮಾಡಿಕೊಳ್ಳುವವನಾಗಲಿ, ನೂರು ವರ್ಷ ಸುಖವಾಗಿರು.

ನಿನ್ನ
ಅಮ್ಮ

ತಾ.ಕ. ಕಾಗದ ಮಡಿಸಿ ಲಕೋಟೆಗೆ ಹಾಕಿದವಳು ಪುನಃ ತೆಗೆದಿದ್ದೇನೆ. ಬರೆಯಬಾರದು ಎಂದಿದ್ದೆ, ಆದರೆ ಬರೆಯದೆ ಬಂದರೆ ನಿನ್ನ ಮುಖ ನೋಡುವಾಗ ತಡೆಯಲಾರೆ.

ರೊಕಿ ರಜೆ ಮುಗಿಸಿ ಬಂದ. ಚೆನ್ನಕ್ಕ ಕೊಟ್ಟ ಉಪ್ಪಿನಕಾಯಿ ಕೊಟ್ಟ. ನಿಶ್ಚಿತಾರ್ಥದ ಸುದ್ದಿಯನ್ನು ಬಿಡದೆ ಹೇಳಿಸಿಕೊಂಡೆ. ನಾನು ಕಳಿಸಿದ ಸೀರೆಯನ್ನೇ ಉಟ್ಟಿದ್ದೆಯಂತೆ, ಬಹಳ ಚಂದ ಕಂಡೆಯಂತೆ. ಹುಡುಗನ ಅಜ್ಜಿಗೆ ಕಣ್ಣು ಮಂಜು, ಅವರು ನಿನ್ನ ಕೈ ಹಿಡಿದು "ಹುಡುಗಿಯ ತಾಯಿ ಯಾರು, ಎಲ್ಲಿದ್ದಾರೆ?" ಎಂದು ಕೇಳಿದರಂತೆ. ನೀನು ಚೆನ್ನಕ್ಕನನ್ನು ತೋರಿಸಿದೆಯಂತೆ. ಅಕ್ಕ ತಲೆ ತಗ್ಗಿಸಿ ಒಳಗೆ ಹೋದಳಂತೆ. ರೊಕಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. "ಅಕ್ಕನವರನ್ನು ಅವಳು ಎಷ್ಟು ಪ್ರೀತಿ ಮಾಡ್ತಾಳೆ ನೋಡಿ, ತಾಯಿ ಅಂತಲೇ ಹೇಳಿದ್ಳು" ಎಂದು ಸಂತೋಷದಲ್ಲೇ ಹೇಳಿದ. ನಾನೂ "ಹೌದು ಮತ್ತೆ" ಎಂದೆ.

ನನಗೆ ಸಿಟ್ಟಿಲ್ಲ. ನಾನು ನಿನ್ನನ್ನು ಬಿಟ್ಟು ಬಂದ ಮೇಲೆ ಜ್ವರ ಬಂದಾಗ ಪಕ್ಕದಲ್ಲಿ ಕುಳಿತವಳು ಅವಳು, ಶಾಲೆಗೆ ಕಳಿಸಿದವಳು ಅವಳು. ನೀನು ಸುಳ್ಳು ಹೇಳಿದೆ ಎಂದು ನಾನು ಹೇಳಲಾರೆ. ವಿಧವೆಯಾದ ನಾನು ಧಾರೆಯ ಹೊತ್ತಿಗೆ ಮಂಟಪ ಹತ್ತುವವಳೂ ಅಲ್ಲ. ಒಂದು ಮಾತ್ರ ತಿಳಿಸಿಬಿಡು. ಅಲ್ಲಿಗೆ ಬಂದ ಮೇಲೆ ಯಾರಾದರೂ ನನ್ನನ್ನು ತೋರಿಸಿ "ಇವರು ಯಾರು?" ಎಂದು ಕೇಳಿದರೆ ನೀನು ಏನು ಹೇಳುತ್ತೀ? ಚಿಕ್ಕಮ್ಮ ಎಂದರೆ ಚಿಕ್ಕಮ್ಮನಾಗಿಯೇ ಬರುತ್ತೇನೆ. ಮೊದಲೇ ಗೊತ್ತಿದ್ದರೆ, ಎಲ್ಲರೆದುರು ನಿನ್ನನ್ನು ಮಗಳೇ ಎಂದು ಕರೆಯದ ಹಾಗೆ ನಾಲಿಗೆಯನ್ನು ಇಲ್ಲಿಂದಲೇ ರೂಢಿ ಮಾಡಿಕೊಂಡು ಬರಬಹುದು.